ಸೊನ್ನೆಯ ಓಣಿ

ಠಾಣೆಯ ಗೋಡೆಗೆ ಊರನ್ನು ಅಂಟಿಸಿದ್ದರು.
ಗಾಂಧಿ ಬಜಾರಿನ ಮೇಲೆ ಕೆಂಪು ಗುಂಡುಸೂಜಿ ಕಿಕ್ಕಿರಿದು,
ಬಸ್ ನಿಲ್ದಾಣದಲ್ಲಿ ಇನ್ನೊಂದಕ್ಕೆ ಜಾಗವಿಲ್ಲ,
ತುಂಗೆಯ ಆಚೆ ದಡಕ್ಕೆ ಐದಾರು.
ಚಾನಲ್ ಏರಿಯ ಹಿಂದಿನ ಓಣಿಗೆ ಮಾತ್ರ
ಮೂರು ವರ್ಷದಿಂದ ಒಂದೂ ಇಲ್ಲ.
"ನೋಡಿ, ಮಾದರಿ ಓಣಿ" ಅಂದರು ಇನ್‌ಸ್ಪೆಕ್ಟರ್,
ಹೊಸ ಅಳಿಯನನ್ನು ತೋರಿಸುವ ಹಾಗೆ.

ನಾನೂ ಬರೆದುಕೊಂಡೆ: ಸೊನ್ನೆ.
ಪಿಎಚ್.ಡಿ.ಗೆ ಸೊನ್ನೆಯೂ ಬೇಕು.

ಚೀಲದಲ್ಲಿ ಇನ್ನೂರ ಹನ್ನೆರಡು ಮನೆಗಾಗುವಷ್ಟು ಪ್ರಶ್ನಾವಳಿ.
ಹದಿನಾಲ್ಕನೆಯದು ಎಲ್ಲ ದೇಶದಲ್ಲೂ ಕೇಳುವಂಥದು:
ಕತ್ತಲಾದ ಮೇಲೆ ನಿಮ್ಮ ಓಣಿಯಲ್ಲಿ ಒಬ್ಬರೇ ನಡೆಯಲು ಎಷ್ಟು ಭಯ?
ಒಂದು ಎಂದರೆ ಇಲ್ಲ. ಐದು ಎಂದರೆ ತುಂಬಾ.

ಇಡ್ಲಿ ಗಾಡಿಯ ಕೆಂಚಮ್ಮ ಸೌಟು ಎತ್ತಿದಳು:
"ಯಾರ ಭಯ ಅಂತ ಹೇಳವ್ವ, ಕಳ್ಳರದಾ, ಪೊಲೀಸರದಾ?
ಇಬ್ರಿಗೂ ಸೇರಿಸಿ ಒಂದೇ ನಂಬರ್ ಹೆಂಗೆ ಹಾಕ್ಲಿ?"
ಗ್ಯಾರೇಜಿನ ಮಕ್ಬೂಲ್ ಕೈ ಒರೆಸಿಕೊಂಡು ಹೇಳಿದ:
"ಮಗಳು ಟ್ಯೂಷನ್‌ನಿಂದ ಬರೋ ತನಕ ಐದು,
ಚಪ್ಪಲಿ ಬಿಡೋ ಸದ್ದು ಕೇಳಿದ್ಮೇಲೆ ಒಂದು."
ಸರಾಸರಿ ಮೂರು ಎಂದು ಬರೆದೆ. ನಾಚಿಕೆಯಾಯಿತು.

ಮೆಗ್ಗಾನ್ ಆಸ್ಪತ್ರೆಯ ಆಯಾ ಫಿಲೋಮಿನಾ, ಮನೆ ಆ ಓಣಿಯ ತುದಿಗೇ,
ಬಟ್ಟೆ ಹಿಂಡುತ್ತಲೇ ಅಂದಳು: "ಒಂದು."
ಭಯವೇ ಇಲ್ಲವಾ?
"ನಾ ಅಲ್ಲಿ ಹೋಗೋದೇ ಇಲ್ವಲ್ಲ.
ಪೆಟ್ರೋಲ್ ಬಂಕ್ ಸುತ್ತಿ ಬರ್ತೀನಿ, ಹನ್ನೊಂದು ನಿಮಿಷ ಜಾಸ್ತಿ.
ಕಾಲು ನೋವಿದ್ರೆ ಆಟೋ, ನಲ್ವತ್ತು ರೂಪಾಯಿ."

ಆ ರಾತ್ರಿ ಗಸ್ತಿನ ಹುಚ್ಚರಾಯಪ್ಪನವರ ಜೊತೆ ಹೋದೆ.
ಹತ್ತೂ ಕಾಲು. ಮೂರು ಕಂಬ, ಮೂರೂ ಕುರುಡು.
ಟ್ರಾನ್ಸ್‌ಫಾರ್ಮರ್ ಬೇಲಿಗೆ ಕಟ್ಟಿದ ತಗಡಿನ ಡಬ್ಬಿಯಿಂದ
ಬೀಟ್ ಪುಸ್ತಕ ತೆಗೆದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿ
ಸಹಿ ಹಾಕಿದರು. ಪುಟದ ತುಂಬಾ ಅದೇ ಸಹಿ,
ಅದೇ ಮಾತು: ಎಲ್ಲ ಶಾಂತ.
ಟಾರ್ಚು ಬಾಯಿಂದ ತೆಗೆದ ಮೇಲೆ ಮೆಲ್ಲಗೆ,
"ಇಲ್ಲಿಗೆ ಕಳ್ಳನೂ ಬರಲ್ಲ ಮೇಡಂ.
ಸರ ಕೀಳೋಕಾದ್ರೂ ಒಂದು ಕೊರಳು ನಡೀಬೇಕಲ್ಲ."

ಪಾಲಿಕೆಗೆ ನನ್ನ ನಾಲ್ಕು ಅರ್ಜಿ,
ಹುಚ್ಚರಾಯಪ್ಪನವರ ಒಂದು ಫೋನು. ಲೈನ್‌ಮನ್ ಅವರ ಷಡ್ಡಕ.
ಕೆಲಸ ಮಾಡಿದ್ದು ಫೋನು.
ದೀಪ ಹತ್ತಿದ ವಾರ ಜನ ಓಣಿಯನ್ನು
ಹೊಸ ಚಪ್ಪಲಿಯ ಹಾಗೆ ಅಂಜುತ್ತ ಹಾಕಿ ನೋಡಿದರು.
ಮೊದಲು ಹುಡುಗರು. ಆಮೇಲೆ ಹಾಲಿನವನ ಸೈಕಲ್ಲು.
ಆಮೇಲೆ ಬುರ್ಖಾ ಸರಿಮಾಡಿಕೊಳ್ಳುತ್ತ ಇಬ್ಬರು, ನಗುತ್ತ, ಏನಕ್ಕೋ.
ಆಮೇಲೆ ಫಿಲೋಮಿನಾ.

ನಲವತ್ತನೆಯ ದಿನ ಅವಳ ಪರ್ಸು ಹೋಯಿತು.
ಇನ್ನೂರು ರೂಪಾಯಿ, ಬಸ್ ಪಾಸು, ಸಂತ ಅಂತೋಣಿಯ ಚಿತ್ರ.
ನಕ್ಷೆಯಲ್ಲಿ ಮೊದಲ ಸೂಜಿ ಚುಚ್ಚಿದರು.
ಮುಹೂರ್ತದ ಹೊತ್ತಿಗೆ ಸೀನಿದವಳನ್ನು ನೋಡುವ ಹಾಗೆ
ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು.
"ಸುಮ್ಮನಿದ್ದ ಓಣಿ. ದೀಪ ಹಾಕಿಸಿ ಕಳ್ಳರಿಗೆ ದಾರಿ ತೋರಿಸಿದ್ರಿ."
ಅವರ ಲೆಕ್ಕ ತಪ್ಪಲ್ಲ. ಸೊನ್ನೆ ಒಂದಾಗಿತ್ತು.
ನನ್ನ ಬಳಿ ಇದ್ದ ಉತ್ತರಕ್ಕೆ ಅಂಕಿ ಇರಲಿಲ್ಲ,
ಕೊಟ್ಟ ಚಹಾ ಕುಡಿದೆ.

ಎರಡನೆಯ ಸುತ್ತಿಗೆ ಹೋದಾಗ ಅವಳು ಮೀನು ಕೊಯ್ಯುತ್ತಿದ್ದಳು.
ಹದಿನಾಲ್ಕನೆಯ ಪ್ರಶ್ನೆ.
ಚಾಕು ನಿಲ್ಲಿಸಿ ನಿಜಕ್ಕೂ ಯೋಚಿಸಿದಳು, ಮೊದಲ ಸಲ.
"ನಾಲ್ಕು" ಅಂದಳು. "ಆದ್ರೂ ಅಲ್ಲೇ ಬರ್ತೀನಿ."

ಗ್ರಾಫಿನಲ್ಲಿ ಅಪರಾಧವೂ ಏರಿದೆ, ಭಯವೂ ಏರಿದೆ.
ಹುಚ್ಚರಾಯಪ್ಪನವರು ಈಗ ಸಹಿ ಹಾಕಿದ ಮೇಲೂ
ಹತ್ತು ನಿಮಿಷ ಅಲ್ಲೇ ನಿಲ್ಲುತ್ತಾರಂತೆ,
ಅದಕ್ಕೆ ಪುಸ್ತಕದಲ್ಲಿ ಕಲಮಿಲ್ಲ.

ಅಂಕಿ ತುಂಬುವ ಹುಡುಗ ಅಶ್ಫಾಕ್ ಸಂಜೆ ಫೋನು ಮಾಡಿದ:
"ಮೇಡಂ, ನೂರ ಅರವತ್ತೊಂದನೇ ಫಾರಂ.
ನಾಲ್ಕಕ್ಕೆ ಗುರುತು ಹಾಕಿದೀರಿ, ಸರಿ.
ಅಂಚಲ್ಲಿ ಪೆನ್ಸಿಲಲ್ಲಿ 'ಆದ್ರೂ' ಅಂತಿದೆ.
ಅದಕ್ಕೆ ಯಾವ ಕೋಡು?"